ಬಿರುಕಿಗೂ ಲೆಕ್ಕವಿದೆ ಎಂದ ಗ್ರಿಫಿತ್: ವಿಂಡ್‌ಶೀಲ್ಡ್ ಮೇಲಿನ ಸಣ್ಣ ಚುಕ್ಕೆ ಒಂದು ದಿನ ಗೆರೆಯಾಗಿ ಓಡುವುದೇಕೆ?

ಅಮೆರಿಕದ ಹೆದ್ದಾರಿಗಳಲ್ಲಿ ಪಿಕಪ್ ಟ್ರಕ್ ಓಡಿಸುವವರಿಗೆ ಈ ಅನುಭವ ಹೊಸದಲ್ಲ. ಮುಂದೆ ಹೋಗುತ್ತಿರುವ ಜಲ್ಲಿ ಲಾರಿಯ ಚಕ್ರದಿಂದ ಚಿಮ್ಮಿದ ಕಲ್ಲೊಂದು ಟಪ್ ಎಂದು ಗಾಜಿಗೆ ಬಡಿಯುತ್ತದೆ. ಇಳಿದು ನೋಡಿದರೆ ಕಾಳುಮೆಣಸಿನಷ್ಟು ಒಂದು ಗುರುತು. ಇಷ್ಟೇ ತಾನೆ ಎಂದು ಸುಮ್ಮನಾಗುತ್ತಾರೆ. ವಾರ ಕಳೆಯುತ್ತದೆ, ತಿಂಗಳು ಕಳೆಯುತ್ತದೆ, ಏನೂ ಆಗುವುದಿಲ್ಲ. ಆಮೇಲೊಂದು ಚಳಿಗಾಲದ ಬೆಳಗ್ಗೆ, ಗಾಜಿನ ಮೇಲೆ ಕಟ್ಟಿದ ಹಿಮ ಕರಗಲೆಂದು ಡಿಫ್ರಾಸ್ಟರ್ ಹಾಕಿ ಎರಡು ನಿಮಿಷವಾಗಿರುವುದಿಲ್ಲ, ಆ ಗುರುತಿನಿಂದ ಹೊರಟ ಗೆರೆ ಅರ್ಧ ಗಾಜನ್ನು ದಾಟಿಬಿಡುತ್ತದೆ.

ಹಳೆಯ ಟ್ರಕ್ ಆಗಿದ್ದರೆ ಗಾಜು ಬದಲಿಸಿದರೆ ಕೆಲಸ ಮುಗಿಯುತ್ತಿತ್ತು. ಹೊಸ ಟ್ರಕ್‌ಗಳ ಮುಂದಿನ ಗಾಜಿನ ಹಿಂದೆ ರಸ್ತೆಯನ್ನು ನೋಡುವ ಕ್ಯಾಮೆರಾ ಇರುತ್ತದೆ. ಲೇನ್ ತಪ್ಪಿದರೆ ಎಚ್ಚರಿಸುವುದು, ಎದುರಿನ ವಾಹನ ಹತ್ತಿರವಾದರೆ ತಾನೇ ಬ್ರೇಕ್ ಹಾಕುವುದು ಆ ಕ್ಯಾಮೆರಾದ ನೆರವಿನಿಂದ. ಗಾಜು ಬದಲಾದರೆ ಕ್ಯಾಮೆರಾವನ್ನೂ ಮತ್ತೆ ಹೊಂದಿಸಬೇಕು. ಹಾಗಾಗಿ ಕಾಳುಮೆಣಸಿನಷ್ಟು ಗುರುತನ್ನು ಕಡೆಗಣಿಸಿದ್ದಕ್ಕೆ ತೆರುವ ಬೆಲೆ ಈಗ ಮೊದಲಿಗಿಂತ ಹೆಚ್ಚು.

ಇಲ್ಲಿ ಎರಡು ಪ್ರಶ್ನೆಗಳಿವೆ. ಬಿರುಕು ಅಷ್ಟು ದಿನ ಸುಮ್ಮನೆ ಇದ್ದದ್ದು ಏಕೆ? ಆ ಬೆಳಗ್ಗೆ ಓಡಿದ್ದು ಏಕೆ? ಇವೆರಡಕ್ಕೂ ಒಂದೇ ಉತ್ತರ ಕೊಟ್ಟ ವ್ಯಕ್ತಿಯ ಹೆಸರು ಅಲನ್ ಆರ್ನಾಲ್ಡ್ ಗ್ರಿಫಿತ್. ಅವರು ಕೆಲಸ ಮಾಡಿದ್ದು ವಿಮಾನಗಳ ಮೇಲೆ, ಕಾರಿನ ಗಾಜಿನ ಮೇಲಲ್ಲ. ಆದರೂ ಬಿರುಕು ಯಾವಾಗ ನಿಲ್ಲುತ್ತದೆ, ಯಾವಾಗ ಓಡುತ್ತದೆ ಎಂಬುದಕ್ಕೆ ಇಂದಿಗೂ ನಾವು ಬಳಸುವ ಲೆಕ್ಕ ಶುರುವಾಗುವುದು 1920ರಲ್ಲಿ ಅವರು ಬರೆದ ಪ್ರಬಂಧದಿಂದ. ಆ ಬದುಕಿನ ಕಥೆಯನ್ನು ಈ ಲೇಖನದಲ್ಲಿ ನೋಡೋಣ.

ಕನಸು ಬರೆದ ತಂದೆ, ಲೆಕ್ಕ ಹಿಡಿದ ಮಗ

ಗ್ರಿಫಿತ್ ಹುಟ್ಟಿದ್ದು 1893ರ ಜೂನ್ 13ರಂದು, ಲಂಡನ್‌ನಲ್ಲಿ. ತಂದೆ ಜಾರ್ಜ್ ಗ್ರಿಫಿತ್ ಆ ಕಾಲದ ಜನಪ್ರಿಯ ಲೇಖಕ. ವೈಜ್ಞಾನಿಕ ಕಾದಂಬರಿಗಳನ್ನು ಬರೆಯುತ್ತಿದ್ದರು. ಮಗ ಹುಟ್ಟಿದ ವರ್ಷವೇ ಬಂದ ಅವರ ಕಾದಂಬರಿಯೊಂದರಲ್ಲಿ ಹಾರುವ ಯಂತ್ರಗಳು ಆಕಾಶದಿಂದ ಯುದ್ಧ ಮಾಡುತ್ತವೆ. ರೈಟ್ ಸಹೋದರರ ವಿಮಾನ ಮೇಲೇಳಲು ಇನ್ನೂ ಹತ್ತು ವರ್ಷ ಬಾಕಿಯಿತ್ತು. ಮರುವರ್ಷ, 1894ರಲ್ಲಿ, ಪತ್ರಿಕೆಯೊಂದಕ್ಕಾಗಿ ಅವರು 65 ದಿನಗಳಲ್ಲಿ ಭೂಮಿಯನ್ನು ಸುತ್ತಿ ಬಂದರು.

1906ರಲ್ಲಿ ಈ ತಂದೆ ತೀರಿಕೊಂಡರು. ಆಗ ಅಲನ್‌ಗೆ ಸುಮಾರು 13 ವರ್ಷ. ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಶಾಲೆ ಮುಗಿಸಿದ ಹುಡುಗ ವಿದ್ಯಾರ್ಥಿವೇತನ ಪಡೆದು ಲಿವರ್‌ಪೂಲ್ ವಿಶ್ವವಿದ್ಯಾಲಯ ಸೇರಿದ. 1914ರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್‌ನಲ್ಲಿ ಪ್ರಥಮ ದರ್ಜೆಯ ಪದವಿ ಸಿಕ್ಕಿತು. ಅದೇ ವರ್ಷ ಮೊದಲ ಮಹಾಯುದ್ಧ ಶುರುವಾಯಿತು. ಮರುವರ್ಷ ಗ್ರಿಫಿತ್ ಫಾರ್ನ್‌ಬರೋದಲ್ಲಿದ್ದ ರಾಯಲ್ ಏರ್‌ಕ್ರಾಫ್ಟ್ ಫ್ಯಾಕ್ಟರಿ ಸೇರಿದರು. ತಂದೆ ಕಾಗದದ ಮೇಲೆ ಹಾರಿಸಿದ ಯಂತ್ರಗಳನ್ನು ನಿಜವಾಗಿ ಹಾರಿಸುವ, ಹಾರುವಾಗ ಮುರಿಯದಂತೆ ನೋಡಿಕೊಳ್ಳುವ ಕೆಲಸ ಮಗನ ಪಾಲಿಗೆ ಬಂತು.

ಸೋಪಿನ ಪೊರೆಯಿಂದ ವಿಮಾನದ ಲೆಕ್ಕ

ಆಗಿನ ವಿಮಾನಗಳಿಗೆ ಮರದ ಚೌಕಟ್ಟು, ಅದರ ಮೇಲೆ ಬಿಗಿದ ಬಟ್ಟೆ. ಪ್ರೊಪೆಲ್ಲರ್ ತಿರುಗುವಾಗ, ರೆಕ್ಕೆ ಬಳುಕುವಾಗ ಅದರ ಭಾಗಗಳು ತಿರುಚುತ್ತವೆ. ದುಂಡನೆಯ ದಂಡವಾದರೆ ತಿರುಚಿದಾಗ ಎಲ್ಲಿ ಎಷ್ಟು ಒತ್ತಡ ಬೀಳುತ್ತದೆ ಎಂದು ಸುಲಭವಾಗಿ ಲೆಕ್ಕ ಹಾಕಬಹುದು. ವಿಮಾನದ ಭಾಗಗಳ ಆಕಾರ ಅಷ್ಟು ಸರಳವಲ್ಲ, ಅವುಗಳ ಸಮೀಕರಣ ಬಿಡಿಸುವುದು ಕಂಪ್ಯೂಟರ್ ಇಲ್ಲದ ಕಾಲದಲ್ಲಿ ದೊಡ್ಡ ತಲೆನೋವಾಗಿತ್ತು.

ಗ್ರಿಫಿತ್ ಮತ್ತು ಜೆಫ್ರಿ ಟೇಲರ್ ಸೇರಿ ಒಂದು ಉಪಾಯ ಬಳಸಿದರು. ತಿರುಚುವ ದಂಡದ ಸಮೀಕರಣವೂ, ಒಂದು ರಂಧ್ರದ ಮೇಲೆ ಬಿಗಿದ ಸೋಪಿನ ಪೊರೆ ಉಬ್ಬುವ ಸಮೀಕರಣವೂ ಒಂದೇ ರೂಪದವು. ಹಾಗಾದರೆ ಸಮೀಕರಣ ಬಿಡಿಸುವ ಗೋಜೇಕೆ? ದಂಡದ ಅಡ್ಡಕೊಯ್ತದ ಆಕಾರಕ್ಕೆ ತಗಡಿನಲ್ಲಿ ರಂಧ್ರ ಕೊರೆದು, ಸೋಪಿನ ಪೊರೆ ಹರಡಿ, ಸ್ವಲ್ಪ ಉಬ್ಬಿಸಿ ಅದರ ಇಳಿಜಾರನ್ನು ಅಳೆದರೆ ಸಾಕು. ಇಳಿಜಾರು ಕಡಿದಾಗಿರುವ ಕಡೆ ಒತ್ತಡವೂ ಹೆಚ್ಚು. 1917ರಲ್ಲಿ ಪ್ರಕಟವಾದ ಈ ಕೆಲಸದಿಂದ ಗ್ರಿಫಿತ್‌ಗೆ ಸಹೋದ್ಯೋಗಿಗಳ ನಡುವೆ ಸೋಪಿನ ಗುಳ್ಳೆಯ ಗ್ರಿಫಿತ್ ಎಂಬ ಅಡ್ಡಹೆಸರು ಬಂತು.

ಪೊರೆ ಎಲ್ಲೆಲ್ಲಿ ಕಡಿದಾಗುತ್ತದೆ ಎಂದು ನೋಡುತ್ತಾ ಹೋದವರಿಗೆ ಒಂದು ವಿಷಯ ಎದ್ದು ಕಾಣುತ್ತದೆ. ಒಳಮುಖವಾದ ಚೂಪು ಮೂಲೆ ಇದ್ದಲ್ಲಿ ಒತ್ತಡ ಒಟ್ಟುಗೂಡುತ್ತದೆ. ಗೀರು, ಬಿರುಕು ಎಂದರೆ ಅಂಥ ಚೂಪು ಮೂಲೆಗಳೇ.

ಗೀರು ಸಣ್ಣದಾದರೇನು, ದೊಡ್ಡದಾದರೇನು?

ಬಟ್ಟೆ ಅಂಗಡಿಯಲ್ಲಿ ಬಟ್ಟೆ ಹರಿಯುವುದನ್ನು ನೀವು ನೋಡಿರುತ್ತೀರಿ. ಅಂಚಿಗೆ ಕತ್ತರಿಯಿಂದ ಅರ್ಧ ಇಂಚು ಕೊಯ್ದು, ಎರಡೂ ಕೈಯಿಂದ ಎಳೆದರೆ ಬಟ್ಟೆ ಪರ್ರನೆ ಹರಿದುಹೋಗುತ್ತದೆ. ಆ ಅರ್ಧ ಇಂಚಿನ ಕೊಯ್ತ ಇಲ್ಲದಿದ್ದರೆ ಎಷ್ಟು ಎಳೆದರೂ ಹರಿಯುವುದು ಕಷ್ಟ. ಶಾಂಪೂ ಪೊಟ್ಟಣದ ಅಂಚಿನಲ್ಲಿರುವ ಸಣ್ಣ ಕಚ್ಚು ಮಾಡುವ ಕೆಲಸವೂ ಇದೇ. ಎಳೆತ ಪೂರ್ತಿ ಬಟ್ಟೆಗೆ ಹಂಚಿಹೋಗುವ ಬದಲು ಕೊಯ್ತದ ತುದಿಯಲ್ಲಿ ಕೂಡಿಕೊಳ್ಳುತ್ತದೆ.

ಇದಕ್ಕೆ ಗಣಿತ ಕೊಟ್ಟವರು ಬ್ರಿಟನ್ನಿನ ಎಂಜಿನಿಯರ್ ಚಾರ್ಲ್ಸ್ ಇಂಗ್ಲಿಸ್, 1913ರಲ್ಲಿ. ತಟ್ಟೆಯೊಂದರಲ್ಲಿ ಮೊಟ್ಟೆಯಾಕಾರದ ರಂಧ್ರವಿದ್ದರೆ ಅದರ ತುದಿಯಲ್ಲಿ ಒತ್ತಡ ಎಷ್ಟು ಪಟ್ಟು ಹೆಚ್ಚುತ್ತದೆ ಎಂದು ಅವರು ತೋರಿಸಿದರು. ರಂಧ್ರ ಉದ್ದವಾದಷ್ಟೂ, ತುದಿ ಚೂಪಾದಷ್ಟೂ ಒತ್ತಡ ಹೆಚ್ಚು.

ಆದರೆ ಈ ಸೂತ್ರದಿಂದ ಎರಡು ತೊಡಕುಗಳು ಹುಟ್ಟಿದವು. ಮೊದಲನೆಯದು, ತುದಿ ತೀರಾ ಚೂಪಾದರೆ ಅಲ್ಲಿನ ಒತ್ತಡ ಮಿತಿಯಿಲ್ಲದೆ ಏರುತ್ತದೆ. ಹಾಗಿದ್ದರೆ ಸಣ್ಣ ಬಿರುಕಿರುವ ಯಾವ ಗಾಜೂ ಬೆರಳು ತಾಗಿದರೆ ಒಡೆಯಬೇಕಿತ್ತು. ಹಾಗಾಗುವುದಿಲ್ಲ. ಎರಡನೆಯದು, ಒಂದೇ ಆಕಾರದ ಸಣ್ಣ ಗೀರು ಮತ್ತು ದೊಡ್ಡ ಗೀರು ಒತ್ತಡವನ್ನು ಒಂದೇ ಪ್ರಮಾಣದಲ್ಲಿ ಹೆಚ್ಚಿಸಬೇಕು. ಆದರೆ ಕಾರ್ಖಾನೆಯ ಅನುಭವವೇ ಬೇರೆ. ದೊಡ್ಡ ಗೀರು ಬಿದ್ದ ಭಾಗವೇ ಮೊದಲು ಮುರಿಯುತ್ತಿತ್ತು. ಗೀರಿನ ಅಳತೆಗೆ ಏನೋ ಮಹತ್ವವಿದೆ, ಸೂತ್ರದಲ್ಲಿ ಅದು ಕಾಣುತ್ತಿಲ್ಲ. ಗ್ರಿಫಿತ್ ಕೈ ಹಾಕಿದ್ದು ಈ ಗಂಟಿಗೆ.

ಬಿರುಕಿನ ಜಮಾ-ಖರ್ಚು

ಗ್ರಿಫಿತ್ ಪ್ರಶ್ನೆಯನ್ನೇ ಬದಲಿಸಿದರು. ತುದಿಯಲ್ಲಿ ಒತ್ತಡ ಎಷ್ಟಿದೆ ಎಂದು ಕೇಳುವುದನ್ನು ಬಿಟ್ಟು, ಬಿರುಕು ಮುಂದೆ ಸಾಗಿದರೆ ಅದಕ್ಕೆ ಬೇಕಾದ ಶಕ್ತಿ ಎಲ್ಲಿಂದ ಬರುತ್ತದೆ ಎಂದು ಕೇಳಿದರು.

ಬಿರುಕು ಬೆಳೆಯುವುದೆಂದರೆ ಗಾಜಿನೊಳಗೆ ಹೊಸ ಮೇಲ್ಮೈ ಹುಟ್ಟುವುದು. ಕೂಡಿಕೊಂಡಿದ್ದ ಅಣುಗಳನ್ನು ಬಿಡಿಸಬೇಕು, ಅದಕ್ಕೆ ಶಕ್ತಿ ಖರ್ಚಾಗುತ್ತದೆ. ಇದು ಖರ್ಚಿನ ಬಾಬ್ತು. ಇನ್ನೊಂದು ಕಡೆ, ಎಳೆತಕ್ಕೆ ಸಿಕ್ಕ ಗಾಜು ಹಿಗ್ಗಿಸಿದ ರಬ್ಬರ್‌ನಂತೆ ಶಕ್ತಿಯನ್ನು ಕೂಡಿಟ್ಟುಕೊಂಡಿರುತ್ತದೆ. ಬಿರುಕು ತೆರೆದಂತೆ ಅದರ ಅಕ್ಕಪಕ್ಕದ ಗಾಜು ಸಡಿಲವಾಗಿ ಆ ಶಕ್ತಿಯನ್ನು ಬಿಟ್ಟುಕೊಡುತ್ತದೆ. ಇದು ಜಮಾ.

ಖರ್ಚು ಬಿರುಕಿನ ಉದ್ದಕ್ಕೆ ತಕ್ಕಂತೆ ಏರುತ್ತದೆ. ಜಮಾ ಮಾತ್ರ ಉದ್ದದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಏಕೆಂದರೆ ಬಿರುಕು ಉದ್ದವಾದಂತೆ ಸಡಿಲವಾಗುವ ಜಾಗ ಉದ್ದ ಅಗಲ ಎರಡರಲ್ಲೂ ಹಿಗ್ಗುತ್ತದೆ. ಇದನ್ನು ಒಂದು ಕಾಲ್ಪನಿಕ ಲೆಕ್ಕದಿಂದ ನೋಡೋಣ. ಬಿರುಕು ಒಂದೊಂದು ಹೆಜ್ಜೆ ಇಡಲೂ 10 ರೂಪಾಯಿ ಖರ್ಚು ಎಂದುಕೊಳ್ಳಿ. ಒಟ್ಟು ಜಮಾ 1, 4, 9, 16, 25, 36 ಎಂದು ಏರುತ್ತದೆ. ಅಂದರೆ ಮೊದಲ ಹೆಜ್ಜೆಯಿಂದ 1 ರೂಪಾಯಿ, ಎರಡನೆಯದರಿಂದ 3, ಮೂರನೆಯದರಿಂದ 5, ಆಮೇಲೆ 7, 9, 11. ಮೊದಲ ಐದು ಹೆಜ್ಜೆಗಳಲ್ಲಿ ಪ್ರತಿ ಸಲವೂ ಕೈಯಿಂದ ಹಣ ಹಾಕಬೇಕು, ಯಾರಾದರೂ ಹೊರಗಿನಿಂದ ತಳ್ಳದಿದ್ದರೆ ಬಿರುಕು ಕದಲುವುದಿಲ್ಲ. ಆರನೆಯ ಹೆಜ್ಜೆಗೆ 10 ಖರ್ಚು, 11 ಜಮಾ. ಅಲ್ಲಿಂದ ಮುಂದೆ ಪ್ರತಿ ಹೆಜ್ಜೆಯೂ ಲಾಭವೇ. ಬಿರುಕಿಗೆ ಇನ್ನು ಯಾರ ಸಹಾಯವೂ ಬೇಡ, ತನ್ನ ಗಳಿಕೆಯಲ್ಲೇ ಓಡುತ್ತದೆ.

ಈ ಗಡಿಗೆ ಇಂದು ನಿರ್ಣಾಯಕ ಉದ್ದ ಎನ್ನುತ್ತಾರೆ. ಗಡಿಯ ಈಚೆಗಿರುವ ಬಿರುಕು ಸುಮ್ಮನಿರುತ್ತದೆ. ಗಡಿ ದಾಟಿದ ಬಿರುಕು ನಿಲ್ಲುವುದಿಲ್ಲ.

ಗಡಿ ಒಂದೇ ಜಾಗದಲ್ಲಿ ಇರುವುದೂ ಇಲ್ಲ. ಎಳೆತ ಎರಡು ಪಟ್ಟಾದರೆ ನಿರ್ಣಾಯಕ ಉದ್ದ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ನಿನ್ನೆ ಸುರಕ್ಷಿತವಾಗಿದ್ದ ಬಿರುಕು ತಾನು ಒಂದು ಕೂದಲೆಳೆಯಷ್ಟೂ ಬೆಳೆಯದೆ ಇವತ್ತು ಅಪಾಯದ ಕಡೆಗೆ ಬಂದಿರಬಹುದು. ಒಳಗಿನಿಂದ ಬಿಸಿಗಾಳಿ, ಹೊರಗಿನಿಂದ ಹಿಮ ತಾಗಿದ ವಿಂಡ್‌ಶೀಲ್ಡ್‌ನಲ್ಲಿ ಆಗುವುದು ಇದೇ. ಬಿಸಿಯಾದ ಕಡೆ ಹಿಗ್ಗಲು ನೋಡುತ್ತದೆ, ತಣ್ಣಗಿರುವ ಕಡೆ ಬಿಡುವುದಿಲ್ಲ. ತಣ್ಣನೆಯ ಭಾಗದ ಮೇಲೆ ಎಳೆತ ಬೀಳುತ್ತದೆ.

ಲೆಕ್ಕ ಸರಿಯೇ ಎಂದು ನೋಡಲು ಗ್ರಿಫಿತ್ ಗಾಜನ್ನು ಆರಿಸಿಕೊಂಡರು. ಲೋಹವಾದರೆ ಮುರಿಯುವ ಮೊದಲು ಬಾಗುತ್ತದೆ, ಲೆಕ್ಕ ಗೋಜಲಾಗುತ್ತದೆ. ಗಾಜು ಬಾಗದೆ ನೇರವಾಗಿ ಒಡೆಯುತ್ತದೆ. ಗಾಜಿನ ಕೊಳವೆ ಮತ್ತು ಬುರುಡೆಗಳ ಮೇಲೆ ಅಳತೆ ಮಾಡಿ ಬಿರುಕು ಮೂಡಿಸಿ, ಒಳಗೆ ದ್ರವವನ್ನು ಒತ್ತಿ ತುಂಬಿ, ಎಷ್ಟು ಒತ್ತಡಕ್ಕೆ ಒಡೆಯುತ್ತವೆ ಎಂದು ಬರೆದುಕೊಂಡರು. ಬುರುಡೆಗಳ ಪ್ರಯೋಗದಲ್ಲಿ ಬಿರುಕಿನ ಉದ್ದ ಸುಮಾರು 4 ಮಿಲಿಮೀಟರ್‌ನಿಂದ 23 ಮಿಲಿಮೀಟರ್‌ಗೆ ಏರಿದಾಗ ಒಡೆಯುವ ಒತ್ತಡ ಅರ್ಧಕ್ಕಿಂತ ಕೆಳಗಿಳಿಯಿತು. ಒತ್ತಡವನ್ನು ಉದ್ದದ ವರ್ಗಮೂಲದಿಂದ ಗುಣಿಸಿದರೆ ಎಲ್ಲ ಬುರುಡೆಗಳಿಗೂ ಹೆಚ್ಚುಕಡಿಮೆ ಒಂದೇ ಸಂಖ್ಯೆ ಬರುತ್ತಿತ್ತು. ಸಿದ್ಧಾಂತ ಹೇಳಿದ್ದೂ ಅದನ್ನೇ.

ಗಾಜು ನಿಜಕ್ಕೂ ದುರ್ಬಲವೇ?

ಗಾಜು ಹುಟ್ಟಿನಿಂದಲೇ ದುರ್ಬಲ ವಸ್ತು ಎಂದು ನಾವೆಲ್ಲ ನಂಬಿದ್ದೇವೆ. ಗ್ರಿಫಿತ್ ಅದೇ ಪ್ರಬಂಧದಲ್ಲಿ ಈ ನಂಬಿಕೆಯನ್ನೂ ಅಲ್ಲಾಡಿಸಿದರು. ಅಣುಗಳ ನಡುವಿನ ಬಂಧದ ಲೆಕ್ಕ ಹಾಕಿದರೆ ಗಾಜು ನಾವು ಕಾಣುವುದಕ್ಕಿಂತ ಎಷ್ಟೋ ಪಟ್ಟು ಗಟ್ಟಿಯಾಗಿರಬೇಕು. ಹಾಗಿಲ್ಲದಿರುವುದಕ್ಕೆ ಕಾರಣ ಅದರಲ್ಲಿರುವ, ಕಣ್ಣಿಗೆ ಕಾಣದ ದೋಷಗಳು ಎಂದು ಅವರು ಊಹಿಸಿದರು.

ಪರೀಕ್ಷಿಸಲು ಗಾಜನ್ನು ಕರಗಿಸಿ ತೆಳುವಾದ ಎಳೆಗಳನ್ನಾಗಿ ಎಳೆದರು. ಎಳೆ ತೆಳುವಾದಷ್ಟೂ ಅದರಲ್ಲಿ ದೊಡ್ಡ ದೋಷ ಅಡಗಲು ಜಾಗವಿರುವುದಿಲ್ಲ. ಸುಮಾರು 1 ಮಿಲಿಮೀಟರ್ ದಪ್ಪದ ಎಳೆಗೆ ಹೋಲಿಸಿದರೆ, ಸುಮಾರು 3 ಮೈಕ್ರಾನ್ ದಪ್ಪದ ಎಳೆ ಅದೇ ಅಳತೆಯ ಅಡ್ಡಕೊಯ್ತಕ್ಕೆ ಇಪ್ಪತ್ತು ಪಟ್ಟು ಹೆಚ್ಚು ಎಳೆತ ತಡೆಯಿತು. 3 ಮೈಕ್ರಾನ್ ಎಂದರೆ ನಮ್ಮ ತಲೆಗೂದಲಿನ ಇಪ್ಪತ್ತನೇ ಒಂದು ಭಾಗದ ಆಸುಪಾಸು. ದೋಣಿ, ನೀರಿನ ಟ್ಯಾಂಕ್, ಗಾಳಿಯಂತ್ರದ ರೆಕ್ಕೆಗಳಲ್ಲಿ ಇಂದು ಬಳಸುವ ಫೈಬರ್‌ಗ್ಲಾಸ್‌ನ ಬಲದ ಹಿಂದಿರುವುದು ಇದೇ ವಿಚಾರ.

ಹೊಸದಾಗಿ ಎಳೆದ ಎಳೆಗಳು ಕೆಲವು ಗಂಟೆಗಳಲ್ಲಿ ಬಲ ಕಳೆದುಕೊಳ್ಳುವುದನ್ನೂ ಅವರು ಗಮನಿಸಿದ್ದರು. ಗಾಜಿನ ಬಿರುಕಿಗೆ ನೀರು ಎಂಥ ಶತ್ರು ಎಂಬುದು ಸ್ಪಷ್ಟವಾದದ್ದು ಬಹಳ ಕಾಲದ ಮೇಲೆ. ಅಮೆರಿಕದ ಶೆಲ್ಡನ್ ವೀಡರ್‌ಹಾರ್ನ್ 1967ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಸುತ್ತಲಿನ ಗಾಳಿಯಲ್ಲಿ ತೇವ ಹೆಚ್ಚಿದಂತೆ ಗಾಜಿನ ಬಿರುಕು ಬೇಗ ಬೆಳೆಯುವುದು ಕಂಡುಬಂತು. ಬಿರುಕಿನ ತುದಿಯಲ್ಲಿ ಎಳೆತಕ್ಕೆ ಸಿಕ್ಕಿರುವ ಸಿಲಿಕಾನ್ ಮತ್ತು ಆಮ್ಲಜನಕದ ಬಂಧವನ್ನು ನೀರಿನ ಅಣು ಬಿಡಿಸುತ್ತದೆ. ನಿರ್ಣಾಯಕ ಉದ್ದಕ್ಕಿಂತ ಚಿಕ್ಕದಾದ ಬಿರುಕೂ ಹೀಗೆ ಸದ್ದಿಲ್ಲದೆ, ತುಸುತುಸುವಾಗಿ ಗಡಿಯತ್ತ ತೆವಳುತ್ತದೆ.

ಆರಿಸದೆ ಬಿಟ್ಟ ಬೆಂಕಿ

ಈ ಕೆಲಸಕ್ಕೆ ಏನಾಯಿತು? ಪದಾರ್ಥ ವಿಜ್ಞಾನಿ ಜೆ. ಇ. ಗಾರ್ಡನ್ ಬರೆದ ಪ್ರಸಿದ್ಧ ಕಥೆಯೊಂದಿದೆ. ಗ್ರಿಫಿತ್‌ಗೆ ಬೆನ್ ಲಾಕ್‌ಸ್ಪೈಸರ್ ಎಂಬ ಸಹಾಯಕರಿದ್ದರು. ಗಾಜು ಕರಗಿಸುವ ಗ್ಯಾಸ್ ಉರಿಯನ್ನು ಒಂದು ರಾತ್ರಿ ಆರಿಸದೆ ಹೋದರು, ಪ್ರಯೋಗಾಲಯಕ್ಕೆ ಬೆಂಕಿ ಹತ್ತಿತು. ವಿಚಾರಣೆ ನಡೆದು, ಗಾಜಿನಾಟದಲ್ಲಿ ಸಮಯ ಕಳೆಯುವುದು ಸಾಕು ಎಂದು ಮೇಲಿನವರು ತೀರ್ಮಾನಿಸಿದರು. ಗ್ರಿಫಿತ್ ಎಂಜಿನ್‌ಗಳ ಕೆಲಸಕ್ಕೆ ಹೋದರು.

ಇಂಥ ಕಥೆಗಳು ಹೇಳುತ್ತಾ ಹೇಳುತ್ತಾ ಚೊಕ್ಕವಾಗುತ್ತವೆ. ದಾಖಲೆಯಲ್ಲಿರುವುದು ಇಷ್ಟು: 1924ರಲ್ಲಿ ಹಾಲೆಂಡಿನ ಡೆಲ್ಫ್ಟ್‌ನಲ್ಲಿ ನಡೆದ ಸಮ್ಮೇಳನದಲ್ಲಿ ಅವರು ತಮ್ಮ ಮೊದಲ ಪ್ರಬಂಧದ ಲೆಕ್ಕವೊಂದನ್ನು ತಿದ್ದಿ ಮಂಡಿಸಿದರು. ಆಮೇಲೆ ಅವರ ಹೆಸರು ಕಾಣುವುದು ಎಂಜಿನ್‌ಗಳ ಜೊತೆಗೇ. ಬಿರುಕಿನ ಪ್ರಬಂಧ ಗ್ರಂಥಾಲಯಗಳಲ್ಲಿ ಉಳಿಯಿತು. ಅದರ ಲೆಕ್ಕ ಗಾಜಿಗೆ ಮಾತ್ರ ಸರಿ, ಉಕ್ಕಿನಲ್ಲಿ ಕಟ್ಟುವವರಿಗೆ ಅದರಿಂದೇನು ಎಂಬ ಭಾವನೆ ಎಂಜಿನಿಯರ್‌ಗಳಲ್ಲಿತ್ತು. ಅಂದಹಾಗೆ, ಲಾಕ್‌ಸ್ಪೈಸರ್ ಮುಂದೆ ಸರ್ ಬೆನ್ ಆಗಿ, 1954ರಲ್ಲಿ ಯುರೋಪಿನ ಸರ್ನ್ ಸಂಸ್ಥೆಯ ಮಂಡಳಿಗೆ ಮೊದಲ ಅಧ್ಯಕ್ಷರಾದರು.

ಜೆಟ್ ಎಂಜಿನ್‌ನ ವರ್ಷಗಳು

ಎಂಜಿನ್‌ಗಳಲ್ಲೂ ಗ್ರಿಫಿತ್ ಮೊದಲು ನೋಡಿದ್ದು ಆಕಾರವನ್ನೇ. ಟರ್ಬೈನ್‌ನ ಅಲಗುಗಳನ್ನು ವಿಮಾನದ ರೆಕ್ಕೆಯ ಅಡ್ಡಕೊಯ್ತದಂತೆ ರೂಪಿಸಿದರೆ ದಕ್ಷತೆ ಬಹಳ ಹೆಚ್ಚುತ್ತದೆ ಎಂದು 1926ರಲ್ಲಿ ತೋರಿಸಿದರು. ಗಾಳಿಯನ್ನು ಒಂದರ ಹಿಂದೊಂದು ಅಲಗಿನ ಸಾಲುಗಳ ಮೂಲಕ ನೇರವಾಗಿ ಹಿಂದಕ್ಕೆ ಒತ್ತುವ ಎಂಜಿನ್ ಅವರ ಕಲ್ಪನೆಯಾಗಿತ್ತು. ಇಂದಿನ ದೊಡ್ಡ ಪ್ರಯಾಣಿಕ ವಿಮಾನಗಳ ಎಂಜಿನ್‌ಗಳು ಈ ಬಗೆಯವೇ.

ಅವರು ತಪ್ಪಿದ ಸಂದರ್ಭವೂ ಇದೆ. 1929ರಲ್ಲಿ ಫ್ರಾಂಕ್ ವಿಟ್ಲ್ ಎಂಬ ತರುಣ ಅಧಿಕಾರಿ ಜೆಟ್ ಎಂಜಿನ್‌ನ ಯೋಜನೆಯನ್ನು ವಾಯು ಸಚಿವಾಲಯಕ್ಕೆ ಕೊಟ್ಟಾಗ ಪರಿಶೀಲನೆಗೆ ಅದು ಗ್ರಿಫಿತ್ ಬಳಿ ಬಂತು. ಅವರು ಲೆಕ್ಕದಲ್ಲಿ ತಪ್ಪು ತೋರಿಸಿದರು, ವಿಟ್ಲ್ ಯೋಚಿಸಿದ ಬಗೆಯ ಎಂಜಿನ್ ಪ್ರಯೋಜನಕ್ಕೆ ಬಾರದು ಎಂದುಕೊಂಡರು. ಸಚಿವಾಲಯ ಹಿಂದೆ ಸರಿಯಿತು. ವಿಟ್ಲ್ 1930ರಲ್ಲಿ ಪೇಟೆಂಟ್ ಅರ್ಜಿ ಹಾಕಿ ಬೇರೆ ದಾರಿ ಹುಡುಕಿದರು. 1941ರಲ್ಲಿ ಬ್ರಿಟನ್ನಿನ ಮೊದಲ ಜೆಟ್ ವಿಮಾನ ಹಾರಿದ್ದು ವಿಟ್ಲ್ ಎಂಜಿನ್‌ನಿಂದಲೇ.

1939ರಲ್ಲಿ ಗ್ರಿಫಿತ್ ರೋಲ್ಸ್ ರಾಯ್ಸ್ ಕಂಪನಿ ಸೇರಿ, 1960ರವರೆಗೂ ಅಲ್ಲೇ ಇದ್ದರು. ಏವನ್, ಕಾನ್ವೇ ಎಂಜಿನ್‌ಗಳ ಬುಡದಲ್ಲಿ ಅವರ ವಿಚಾರಗಳಿವೆ. 1941ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. ಓಟದ ಹಾದಿ ಇಲ್ಲದೆ ನೆಟ್ಟಗೆ ಮೇಲೇಳುವ ವಿಮಾನ ಅವರ ಕೊನೆಯ ವರ್ಷಗಳ ಹಂಬಲ. ರೆಕ್ಕೆಯೇ ಇಲ್ಲದ, ಎರಡು ಜೆಟ್ ಎಂಜಿನ್ ಕಟ್ಟಿದ ಕಬ್ಬಿಣದ ಚೌಕಟ್ಟೊಂದು 1954ರ ಆಗಸ್ಟ್ 3ರಂದು ಯಾವ ಕಟ್ಟೂ ಇಲ್ಲದೆ ಮೇಲೆದ್ದು ನಿಂತಿತು. ಜನ ಅದನ್ನು ಹಾರುವ ಮಂಚ ಎಂದು ಕರೆದರು.

ಮುರಿದ ಹಡಗು, ಬಿದ್ದ ವಿಮಾನ

ಗ್ರಿಫಿತ್ ಎಂಜಿನ್‌ಗಳಲ್ಲಿ ಮುಳುಗಿದ್ದಾಗ ಬಿರುಕುಗಳು ಮಾತ್ರ ಸುಮ್ಮನಿರಲಿಲ್ಲ. 1943ರ ಜನವರಿ 16ರಂದು ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ, ಶಾಂತವಾದ ನೀರಿನಲ್ಲಿ ಕಟ್ಟಿ ನಿಲ್ಲಿಸಿದ್ದ ಸ್ಕೆನೆಕ್ಟಡಿ ಎಂಬ ಹೊಚ್ಚಹೊಸ ಟ್ಯಾಂಕರ್ ಹಡಗು ದೊಡ್ಡ ಸದ್ದಿನೊಂದಿಗೆ ನಡುವೆ ಮುರಿಯಿತು. ವೆಲ್ಡಿಂಗ್ ಮಾಡಿ ಕಟ್ಟಿದ ಉಕ್ಕಿನ ಹಡಗು, ಚಳಿಯಲ್ಲಿ ಗಾಜಿನಂತೆ ಒಡೆದಿತ್ತು. ಯುದ್ಧಕಾಲದ ಇನ್ನೂ ಹಲವು ಹಡಗುಗಳಲ್ಲಿ ಇಂಥ ಬಿರುಕುಗಳು ಓಡಿದವು.

1954ರಲ್ಲಿ ಪ್ರಪಂಚದ ಮೊದಲ ಜೆಟ್ ಪ್ರಯಾಣಿಕ ವಿಮಾನವಾದ ಕಾಮೆಟ್ ಎರಡು ಬಾರಿ ಆಕಾಶದಲ್ಲೇ ಛಿದ್ರವಾಯಿತು. ಜನವರಿ 10ರಂದು 35 ಜನ, ಏಪ್ರಿಲ್ 8ರಂದು 21 ಜನ ಸತ್ತರು. ತನಿಖೆ ನಡೆದದ್ದು ಫಾರ್ನ್‌ಬರೋದಲ್ಲಿ. ಅಲ್ಲಿನವರು ಇಡೀ ಕಾಮೆಟ್ ವಿಮಾನವೊಂದರ ಒಡಲನ್ನು ನೀರಿನ ತೊಟ್ಟಿಯಲ್ಲಿಟ್ಟು, ಒಳಗೆ ನೀರನ್ನು ಒತ್ತಿ ತುಂಬುವುದು, ಇಳಿಸುವುದು ಹೀಗೆ ಮಾಡುತ್ತಾ ಹೋದರು. ನಿಜವಾದ ಹಾರಾಟಗಳೂ ತೊಟ್ಟಿಯಲ್ಲಿನ ಹಾರಾಟಗಳೂ ಸೇರಿ 3,000 ದಾಟಿದ ಮೇಲೆ ಅದು ಕಿಟಕಿಯ ಮೂಲೆಯ ಬಳಿಯಿಂದ ಸೀಳಿಹೋಯಿತು. ಪ್ರತಿ ಹಾರಾಟದಲ್ಲೂ ತುಸುತುಸು ಬೆಳೆದ ಬಿರುಕು ಗಡಿ ಮುಟ್ಟಿ ಓಡಿತ್ತು. ಮೂರು ದಶಕದ ಹಿಂದೆ ಅದೇ ಫಾರ್ನ್‌ಬರೋದಲ್ಲಿ ಗಾಜಿನ ಬುರುಡೆಗಳೊಳಗೆ ದ್ರವ ತುಂಬಿ ಒಡೆದು ನೋಡಿದ್ದನ್ನು ನೆನೆಸಿಕೊಂಡರೆ ಮನಸ್ಸಿಗೆ ಪಿಚ್ಚೆನಿಸುತ್ತದೆ.

ಆ ಪ್ರಬಂಧವನ್ನು ಲೋಹಗಳಿಗೆ ಹೊಂದುವಂತೆ ವಿಸ್ತರಿಸಿದವರಲ್ಲಿ ಅಮೆರಿಕದ ನೌಕಾಪಡೆಯ ಪ್ರಯೋಗಾಲಯದ ಜಾರ್ಜ್ ಇರ್ವಿನ್ ಮುಖ್ಯರು. 1950ರ ದಶಕದ ಕೊನೆಗೆ ಅದೊಂದು ಪ್ರತ್ಯೇಕ ಶಾಸ್ತ್ರವೇ ಆಯಿತು. ವಿಮಾನ, ಸೇತುವೆ, ಅಣುಸ್ಥಾವರಗಳಲ್ಲಿ ಬಿರುಕೇ ಇರಬಾರದು ಎಂದು ಹಟ ಹಿಡಿಯುವ ಬದಲು, ಬಿರುಕು ಗಡಿ ಮುಟ್ಟುವ ಮೊದಲೇ ಕಣ್ಣಿಗೆ ಬೀಳುವಂತೆ ತಪಾಸಣೆ ನಡೆಸುವ ಪದ್ಧತಿ ಬೆಳೆಯಿತು. ಗ್ರಿಫಿತ್ 1963ರ ಅಕ್ಟೋಬರ್ 13ರಂದು ತೀರಿಕೊಂಡರು. ತಾವು ಬಿಟ್ಟುಹೋದ ಪ್ರಬಂಧ ಮತ್ತೆ ಜೀವ ಪಡೆಯುವ ಹೊತ್ತಿಗೆ ಅವರು ಬದುಕಿದ್ದರು.

ಮತ್ತೆ ನಮ್ಮ ವಿಂಡ್‌ಶೀಲ್ಡ್‌ಗೆ

ವಾಹನದ ಮುಂದಿನ ಗಾಜು ಒಂದೇ ಗಾಜಲ್ಲ. ಎರಡು ಗಾಜುಗಳ ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟು ಬೆಸೆದದ್ದು. ಫ್ರಾನ್ಸಿನ ಎಡ್ವಾರ್ ಬೆನೆಡಿಕ್ಟಸ್ 1909ರಲ್ಲಿ ಪೇಟೆಂಟ್ ಪಡೆದ ಉಪಾಯದ ಮುಂದುವರಿಕೆ ಇದು. ಕಲ್ಲಿನ ಪೆಟ್ಟಿಗೆ ಸಾಮಾನ್ಯವಾಗಿ ಹೊರಗಿನ ಗಾಜು ಮಾತ್ರ ಬಿರುಕು ಬಿಡುತ್ತದೆ, ನಡುವಿನ ಹಾಳೆ ಚೂರುಗಳನ್ನು ಹಿಡಿದಿಡುತ್ತದೆ. ಪಕ್ಕದ ಕಿಟಕಿಗಳ ಗಾಜು ಬೇರೆ ಬಗೆಯದು, ಒಡೆದರೆ ಪುಡಿಪುಡಿಯಾಗುತ್ತದೆ. ಗ್ರಿಫಿತ್ ಲೆಕ್ಕ ತಿಳಿದ ಮೇಲೆ ಬಿರುಕು ಬಿದ್ದ ಗಾಜಿನ ಬಗ್ಗೆ ಇರುವ ಕೆಲವು ನಂಬಿಕೆಗಳನ್ನು ಒರೆಗೆ ಹಚ್ಚಬಹುದು.

ಬೆಳೆಯದಿರುವ ಬಿರುಕಿನಿಂದ ಭಯವಿಲ್ಲ ಎಂಬುದು ಮೊದಲನೆಯದು. ಅದು ಸುಮ್ಮನಿರುವುದು ಇಂದಿನ ಎಳೆತಕ್ಕೆ ಮಾತ್ರ. ಚಳಿ, ಬಿಸಿಲು, ಗುಂಡಿಬಿದ್ದ ರಸ್ತೆಯಲ್ಲಿ ಬಾಡಿ ತಿರುಚುವುದು, ಜೋರಾಗಿ ಬಾಗಿಲು ಹಾಕುವುದು, ಪ್ರತಿಯೊಂದೂ ಗಡಿಯನ್ನು ಹತ್ತಿರಕ್ಕೆ ತರುತ್ತದೆ. ಮಳೆನೀರು ಒಳಗೆ ಇಳಿದು ತನ್ನ ಕೆಲಸ ಮಾಡುತ್ತಿರುತ್ತದೆ. ಹಿಮ ಕರಗಿಸಲು ಬಿಸಿನೀರು ಸುರಿಯುವುದಂತೂ ಬೇಡವೇ ಬೇಡ. ಡಿಫ್ರಾಸ್ಟರ್ ಅನ್ನೂ ಕಡಿಮೆ ಬಿಸಿಯಿಂದ ಶುರುಮಾಡಿ.

ಉಗುರುಬಣ್ಣ, ಸೂಪರ್ ಗ್ಲೂ, ಟೂತ್‌ಪೇಸ್ಟ್ ಹಚ್ಚಿದರೆ ಬಿರುಕು ನಿಲ್ಲುತ್ತದೆ ಎಂಬುದು ಎರಡನೆಯದು. ಇವು ಮೇಲೆ ಕೂರುತ್ತವೆ, ಬಿರುಕಿನ ತುದಿ ಮುಟ್ಟುವುದಿಲ್ಲ. ಕೆಲಸ ನಡೆಯುವುದು ತುದಿಯಲ್ಲಿ. ಆಮೇಲೆ ಸರಿಯಾದ ರಿಪೇರಿ ಮಾಡಲು ಹೋದರೆ ಒಳಗೆ ಕೂತ ಅಂಟೇ ಅಡ್ಡಿಯಾಗುತ್ತದೆ. ರಿಪೇರಿಗೆ ಒಯ್ಯುವವರೆಗೆ ಗುರುತಿನ ಮೇಲೆ ಪಾರದರ್ಶಕ ಟೇಪ್ ಅಂಟಿಸಿ ನೀರು, ಧೂಳು ಹೋಗದಂತೆ ನೋಡಿಕೊಂಡರೆ ಸಾಕು.

ರೆಸಿನ್ ತುಂಬುವ ರಿಪೇರಿ ಬರೀ ಕಣ್ಕಟ್ಟು ಎಂಬುದು ಮೂರನೆಯದು. ಬಿರುಕಿನೊಳಗಿನ ಗಾಳಿಯನ್ನು ಹೀರಿ ತೆಗೆದು, ತೆಳುವಾದ ರೆಸಿನ್ ಅನ್ನು ಒತ್ತಿ ತುಂಬಿ, ನೇರಳಾತೀತ ಬೆಳಕಿನಲ್ಲಿ ಗಟ್ಟಿಮಾಡುತ್ತಾರೆ. ಎರಡು ಮುಖಗಳೂ ಮತ್ತೆ ಕೂಡಿಕೊಂಡಾಗ ಬಿರುಕಿನ ಲೆಕ್ಕದ ಉದ್ದವೇ ಕಡಿಮೆಯಾಗುತ್ತದೆ, ನೀರಿಗೂ ದಾರಿ ಮುಚ್ಚುತ್ತದೆ. ಮಸುಕಾದ ಗುರುತು ಉಳಿಯಬಹುದು, ಆದರೆ ಉದ್ದೇಶ ಬಿರುಕನ್ನು ನಿಲ್ಲಿಸುವುದು. ಕೆಲವೊಮ್ಮೆ ಗೆರೆಯ ತುದಿಯಲ್ಲಿ ಪುಟ್ಟ ರಂಧ್ರ ಕೊರೆಯುವುದೂ ಉಂಟು. ಚೂಪು ತುದಿ ದುಂಡಗಾದರೆ ಒತ್ತಡ ಇಳಿಯುತ್ತದೆ ಎಂಬ ಇಂಗ್ಲಿಸ್ ಸೂತ್ರವೇ ಅಲ್ಲಿ ಕೆಲಸ ಮಾಡುವುದು.

ಎಲ್ಲ ಬಿರುಕನ್ನೂ ಹೀಗೆ ಉಳಿಸಿಕೊಳ್ಳಲಾಗದು. ಉದ್ದಕ್ಕೆ ಓಡಿದ ಗೆರೆ, ಗಾಜಿನ ಅಂಚು ಮುಟ್ಟಿದ ಬಿರುಕು, ಒಳಗಿನ ಗಾಜಿಗೂ ಇಳಿದ ಪೆಟ್ಟು, ಚಾಲಕರ ಕಣ್ಣಿನ ನೇರಕ್ಕೆ ಅಥವಾ ಕ್ಯಾಮೆರಾದ ಎದುರಿಗೆ ಬಿದ್ದ ಗುರುತು ಇದ್ದರೆ ಗಾಜು ಬದಲಿಸುವುದೇ ಸರಿ.

ಗಾಜು ಬದಲಿಸಿದ ಕೂಡಲೇ ಎಲ್ಲ ಮೊದಲಿನಂತೆ ಎಂಬುದು ಕೊನೆಯ ನಂಬಿಕೆ. ಹೊಸ ಪಿಕಪ್‌ಗಳಲ್ಲಿ ಇದು ಅಪಾಯಕಾರಿ. ಅನೇಕ ವಾಹನಗಳಲ್ಲಿ ಪಕ್ಕದ ಸೀಟಿನ ಏರ್‌ಬ್ಯಾಗ್ ಉಬ್ಬುವಾಗ ಮುಂದಿನ ಗಾಜಿಗೆ ಒರಗಿಯೇ ಸರಿಯಾದ ದಿಕ್ಕಿಗೆ ಬರುತ್ತದೆ, ವಾಹನ ಮಗುಚಿದಾಗ ಚಾವಣಿಗೂ ಗಾಜಿನ ಆಸರೆ ಇರುತ್ತದೆ. ಹಾಗಾಗಿ ಅಂಟು ಗಟ್ಟಿಯಾಗುವವರೆಗೆ, ಅಂಗಡಿಯವರು ಹೇಳಿದಷ್ಟು ಹೊತ್ತು ವಾಹನ ಓಡಿಸಬಾರದು. ಕ್ಯಾಮೆರಾ ಒಂದಿಷ್ಟು ಓರೆಯಾದರೂ ದೂರದ ವಾಹನ ಇರುವ ಜಾಗವನ್ನು ತಪ್ಪಾಗಿ ಅಂದಾಜಿಸುತ್ತದೆ. ತಯಾರಕರು ಹೇಳಿದ ಕ್ರಮದಲ್ಲಿ ಕ್ಯಾಲಿಬ್ರೇಷನ್ ಆಗಿದೆಯೇ ಎಂದು ಕೇಳಿ, ಅದರ ದಾಖಲೆ ಪಡೆದುಕೊಳ್ಳಿ. ಗಾಜಿಗೂ ನಿಮ್ಮ ಮಾದರಿಗೆ ಹೊಂದುವ ಸೆನ್ಸರ್, ಹೀಟರ್ ವ್ಯವಸ್ಥೆ ಇದೆಯೇ ಎಂದು ಮೊದಲೇ ವಿಚಾರಿಸಿ.

ಬಿರುಕು ಇದೆ ಎಂದಾಕ್ಷಣ ಹೆದರಬೇಕಿಲ್ಲ, ಅದು ಚಿಕ್ಕದು ಎಂದು ಮರೆಯಲೂಬಾರದು. ಗಡಿಯ ಈಚೆಗಿರುವಾಗ ಸಿಗುವ ಸಮಯ ನಮ್ಮದು. ಗಡಿ ದಾಟಿದ ಮೇಲೆ ಅದು ಬಿರುಕಿನದು. ನಿಮ್ಮ ವಾಹನದ ಗಾಜಿನ ಮೇಲೆ ಕಾಳುಮೆಣಸಿನಷ್ಟು ಗುರುತಿದ್ದರೆ ಇವತ್ತೇ ಒಂದು ತುಂಡು ಟೇಪ್ ಅಂಟಿಸಿ, ಈ ವಾರವೇ ರಿಪೇರಿಗೆ ಒಯ್ಯಿರಿ.